ಸೊನ್ನೆ ನುಂಗಿದ ಹೆಸರು

(ಹಿರೀಸಾವೆಯ ಮುದ್ರಣಾಲಯದ ಮಾಲೀಕರೊಬ್ಬರು ಬೆಂಗಳೂರಿನ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನನ್ನನ್ನು ಇಲ್ಲಿಗೆ ಕರೆಸಿದವರು ಭಾರೀ ಭಾಷಣ ನಿರೀಕ್ಷೆ ಮಾಡಿದ್ದರೆ ಅವರಿಗೆ ನಿರಾಸೆ ಖಂಡಿತ. ನಾನು ಓದಿದ್ದು ಪಿಯುಸಿ, ಅಷ್ಟೇ. ಹಿರೀಸಾವೆಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ಸು. ಹಾಸನದ ರಸ್ತೆಯಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ, ಚನ್ನರಾಯಪಟ್ಟಣಕ್ಕೆ ಮೊದಲು ಸಿಗುವ ಊರು. ನೀವು ಬಸ್ಸಿನಲ್ಲಿ ತೂಕಡಿಸುತ್ತಾ ಎಷ್ಟೋ ಸಲ ದಾಟಿರುತ್ತೀರಿ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಸಂಘಗಳ ವಾರ್ಷಿಕ ವರದಿ, ಇವು ನಮ್ಮ ಮನೆಯ ಅನ್ನ.

ಇವತ್ತು ನಾನು 'ಕನ್ನಡ ಉಳಿಸಿ' ಎಂದು ಕೂಗಲು ಬಂದವನಲ್ಲ. ನನಗಿಂತ ಚೆನ್ನಾಗಿ ಕೂಗುವವರು ಇಲ್ಲಿ ಬಹಳ ಜನ ಇದ್ದೀರಿ. ನಾನು ಬಂದಿರುವುದು ಕನ್ನಡವನ್ನು ಎಣಿಸುವ ಬಗ್ಗೆ ಮಾತಾಡಲು. ಅದೂ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ, ಮೌಸು ಮುಟ್ಟದೆ, 'ಆರ್' ಎಂಬ ಒಂದೇ ಅಕ್ಷರದ ಹೆಸರಿನ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ. ನಗಬೇಡಿ! ನಿಮ್ಮಲ್ಲಿ ಎಷ್ಟೋ ಜನ ಹಗಲೆಲ್ಲ ಯಾವುದೋ ದೇಶದ ಕಂಪನಿಗೆ ಇಂಥದೇ ಕೆಲಸ ಮಾಡುವವರು ಎಂದು ನನಗೆ ಗೊತ್ತು. ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳುವ ಯೋಗ್ಯತೆ ಮಾತ್ರ ಇದೆ.

2023ರಲ್ಲಿ ನಮ್ಮ ಕಡೆಯ ಒಂದು ಸಂಘ ಸ್ಮರಣ ಸಂಚಿಕೆ ತಂದಿತು. ಸಂಘ ಶುರುವಾದಾಗಿನಿಂದ ಇದ್ದ ಎಲ್ಲ ಸದಸ್ಯರ ಹೆಸರು ಊರುವಾರು, ಅಕಾರಾದಿಯಲ್ಲಿ ಬರಬೇಕು ಎಂದರು. ಒಳ್ಳೆಯ ಯೋಚನೆ. ಆದರೆ ಪಟ್ಟಿ ಬಂದದ್ದು ಹೇಗೆ? ಒಂದಷ್ಟು ಕಡತ ನುಡಿಯಲ್ಲಿ, ಒಂದಷ್ಟು ಯೂನಿಕೋಡಿನಲ್ಲಿ, ಒಂದೊಂದು ಒಬ್ಬೊಬ್ಬರ ಕೈಯಲ್ಲಿ ಟೈಪಾದದ್ದು. ನಡುನಡುವೆ ಹಳೆಯ ರಿಜಿಸ್ಟರಿನ ಪುಟ ಸಂಖ್ಯೆ ಬೇರೆ, ಕನ್ನಡ ಅಂಕಿಯಲ್ಲಿ. ಕೈಯಲ್ಲಿ ವಿಂಗಡಿಸಲು ಕೂತರೆ ಹಬ್ಬ ಮುಗಿದರೂ ಮುಗಿಯದ ಕೆಲಸ. ಅದಕ್ಕೇ ನಾನು ಆರ್‌ನಲ್ಲಿ ಒಂದು ಸ್ಕ್ರಿಪ್ಟು ಬರೆದೆ. ಕಡತ ಓದು, ಅಂಕಿ ಇರುವ ಸಾಲು ಪುಟ ಸಂಖ್ಯೆಯದು, ಬಿಟ್ಟುಬಿಡು, ಉಳಿದದ್ದನ್ನು ಊರುವಾರು ಜೋಡಿಸು. ಒಂದು ಗುಕ್ಕು ಕಾಫಿ ಕುಡಿಯುವಷ್ಟರಲ್ಲಿ ಪಟ್ಟಿ ಸಿದ್ಧ! ಬೀಗಿದೆ. ಅಚ್ಚು ಹಾಕಿದೆ, ಬೈಂಡಿಂಗೂ ಆಯಿತು, ಸಮಾರಂಭವೂ ಆಯಿತು.

ಮಾರನೇ ಬೆಳಿಗ್ಗೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ಪುಸ್ತಕವನ್ನು ಟೇಬಲ್ ಮೇಲಿಟ್ಟರು. ಗದರಲಿಲ್ಲ. 'ಏನಪ್ಪಾ, ನಮ್ಮೆಜಮಾನ್ರು ಹೋದಾಗ್ನಿಂದ ನಾನೇ ಷೇರು ಕಟ್ಕೊಂಡು ಬಂದಿವ್ನಿ. ನನ್ನೆಸ್ರೆಲ್ಲಪ್ಪಾ?' ಅಂದರು.

ಹುಡುಕಿದೆ. ಇರಲಿಲ್ಲ. ಮೂಲ ಕಡತ ತೆಗೆದು ನೋಡಿದೆ. ಇತ್ತು! ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ಅವರ ಹೆಸರಿನಲ್ಲಿ ಒಂದು ಸೊನ್ನೆ ಇದೆ, ನಂಜಮ್ಮ, ಗಂಗಮ್ಮ, ರಂಗಮ್ಮ ಎಂಬ ಹೆಸರುಗಳಲ್ಲಿ ಇರುವಂಥ ಸೊನ್ನೆ. ಟೈಪು ಮಾಡಿದವರು ಅಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದ್ದರು. ಪರದೆಯ ಮೇಲೆ ಎರಡೂ ದುಂಡಗೆ. ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ. 'ಅಂಕಿ ಇರುವ ಸಾಲು ಬಿಡು' ಎಂದು ಹೇಳಿದವನು ನಾನೇ. ಅದು ಬಿಟ್ಟಿತು. ಬದುಕಿರುವ ಹೆಂಗಸನ್ನು ನನ್ನ ಸ್ಕ್ರಿಪ್ಟು ಪುಟ ಸಂಖ್ಯೆ ಎಂದು ತಿಳಿದು ಕಸಕ್ಕೆ ಹಾಕಿತ್ತು. ಹೀಗೆ ಬಿಟ್ಟುಹೋದವರು ಅವರೊಬ್ಬರೇ ಅಲ್ಲ.

ಈ ಸೊನ್ನೆಯ ಕಳ್ಳತನ ನಮ್ಮ ಮನೆಯಲ್ಲಿ ಹೊಸದಲ್ಲ, ಅದನ್ನೂ ಹೇಳಬೇಕು. ನಮ್ಮಪ್ಪನ ಕಾಲದಲ್ಲಿ ಟ್ರೆಡಲ್ ಮಿಷನ್ನು, ಮೊಳೆ ಜೋಡಿಸುವ ಕೆಲಸ. ಸ್ಕೂಲು ಬಿಟ್ಟ ಮೇಲೆ ನಾನೂ ಕಂಪೋಸಿಂಗ್ ಸ್ಟಿಕ್ ಹಿಡಿದು ಕೂರುತ್ತಿದ್ದೆ. ಆ ಕೇಸಿನ ಖಾನೆಗಳನ್ನು ನೀವು ನೋಡಿರಲಿಕ್ಕಿಲ್ಲ. ದ, ನ, ರ, ತ ಇಂಥವಕ್ಕೆ ದೊಡ್ಡ ಖಾನೆ, ಕೈಗೆ ಹತ್ತಿರ. ಝ, ಙ ಇಂಥವಕ್ಕೆ ಮೂಲೆಯಲ್ಲಿ ಬೆರಳು ತೂರುವಷ್ಟು ಜಾಗ. ಯಾವ ಅಕ್ಷರ ಕನ್ನಡದಲ್ಲಿ ಎಷ್ಟು ಸಲ ಬರುತ್ತದೆ ಎಂಬುದು ಆ ಮರದ ಪೆಟ್ಟಿಗೆಯಲ್ಲೇ ಬರೆದಿತ್ತು. ನಾನು ಪಿಯುಸಿಯಲ್ಲಿ ವಾಣಿಜ್ಯ ತೆಗೆದುಕೊಂಡು ಸಂಖ್ಯಾಶಾಸ್ತ್ರ ಓದುವಾಗ ಮೇಷ್ಟ್ರು 'ಬಹುಲಕ' ಎಂದರೆ ಅತಿ ಹೆಚ್ಚು ಸಲ ಬರುವ ಬೆಲೆ ಎಂದರು. ನನಗೆ ಥಟ್ಟನೆ ಕಂಡದ್ದು ನಮ್ಮಪ್ಪನ ಕೇಸು. ಮದುವೆ ಕಾಲದಲ್ಲಂತೂ ಬಹುಲಕವೇ ಬದಲಾಗುತ್ತಿತ್ತು. 'ಶ್ರೀ' ಮೊಳೆ ಮೊದಲು ಖಾಲಿ! ಆಮೇಲೆ ಸೊನ್ನೆ. ಸೊನ್ನೆ ಮುಗಿದರೆ ಅಪ್ಪ, 'ಅಂಕಿ ಸೊನ್ನೆ ಹಾಕೋ ಮಗಾ, ಓದೋರಿಗೆ ಗೊತ್ತಾಗಕ್ಕಿಲ್ಲ' ಎನ್ನುತ್ತಿದ್ದರು. ನಿಜ, ಓದುವವರಿಗೆ ಗೊತ್ತಾಗುತ್ತಿರಲಿಲ್ಲ. ಸೀಸದ ಮೊಳೆಯ ಕಾಲದಲ್ಲಿ ಓದುವವರು ಮನುಷ್ಯರು ಮಾತ್ರ. ಈಗ ಯಂತ್ರವೂ ಓದುತ್ತದೆ.

ಈಗ ಆರ್ ಬಗ್ಗೆ. ಇದರ ತಾಯಿಬೇರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದೆ. ಅಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಯವರು 'ಎಸ್' ಎಂಬ ಭಾಷೆ ಕಟ್ಟಲು ತೊಡಗಿದರು. ಅದರ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದಲ್ಲಿ ಆರ್ ಮಾಡಿದರು. 2000ದ ಫೆಬ್ರವರಿ 29ರಂದು 1.0.0 ಆವೃತ್ತಿ ಬಂತು. ಕಾಸು ಕೊಡಬೇಕಿಲ್ಲ, ಪರವಾನಗಿ ಕೇಳಬೇಕಿಲ್ಲ, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು. ನಮ್ಮಂಥ ಸಣ್ಣ ಪ್ರೆಸ್ಸಿನವನಿಗೆ ಇದಕ್ಕಿಂತ ಇನ್ನೇನು ಬೇಕು?

ನನಗೆ ಕಲಿಸಿದ್ದು ನನ್ನ ಅಕ್ಕನ ಮಗಳು. ಬೆಂಗಳೂರಿನಲ್ಲಿ ಓದುತ್ತಿದ್ದವಳು 2021ರಲ್ಲಿ ಊರಿಗೆ ಬಂದು, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದಳು. ನಾನು ವೈರಸ್ಸು ಬಂತು ಎಂದು ಮುಚ್ಚಲು ಹೋದೆ. 'ಮುಚ್ಬೇಡ ಮಾವ, ಇದೇ ಒಳ್ಳೇದು. ಮೌಸಲ್ಲಿ ನೀನು ಏನೇನ್ ಮಾಡ್ದೆ ಅಂತ ನಾಳೆ ನಿನಗೇ ನೆನಪಿರಲ್ಲ. ಇಲ್ಲಿ ಬರ್ದಿರೋದು ಹಂಗೇ ಇರುತ್ತೆ' ಎಂದಳು. ಆಗ ಅರ್ಥವಾಗಲಿಲ್ಲ. ಅಜ್ಜಿ ಬಂದ ದಿನ ಅರ್ಥವಾಯಿತು.

ವಿಧಾನ ಸುಲಭ. ಕೆಲಸದ ಸಾಲುಗಳನ್ನೆಲ್ಲ ಒಂದು ಸಾದಾ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತೀರಿ. ಆಮೇಲೆ ಕಪ್ಪು ಪರದೆಯಲ್ಲಿ 'ಆರ್‌ಸ್ಕ್ರಿಪ್ಟ್' ಎಂದು ಹೊಡೆದು, ಜಾಗ ಬಿಟ್ಟು ಆ ಕಡತದ ಹೆಸರು, ಮತ್ತೆ ಜಾಗ ಬಿಟ್ಟು ಪಟ್ಟಿಯ ಕಡತದ ಹೆಸರು. ಎಂಟರ್ ಒತ್ತಿದರೆ ಮುಗಿಯಿತು. ಆ ಎರಡನೆಯ ಹೆಸರನ್ನು ಸ್ಕ್ರಿಪ್ಟು 'ಕಮಾಂಡ್‌ಆರ್ಗ್ಸ್' ಎಂಬ ಮಾತಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಒಂದೇ ಸ್ಕ್ರಿಪ್ಟು, ಊರಿಗೊಂದು ಪಟ್ಟಿ. ಹಿರೀಸಾವೆಗೆ ಒಂದು ಸಲ, ಶ್ರವಣಬೆಳಗೊಳಕ್ಕೆ ಒಂದು ಸಲ, ಹೆಸರು ಬದಲಾಯಿಸಿ ಓಡಿಸುತ್ತಾ ಹೋಗುವುದು. ಬಂದ ಉತ್ತರ ಪರದೆಯ ಮೇಲೆ ಓಡಿಹೋಗಬಾರದು ಎಂದರೆ ಕೊನೆಗೊಂದು ಬಾಣದ ಗುರುತು ಹಾಕಿ ಬೇರೆ ಕಡತಕ್ಕೆ ಇಳಿಸಿಕೊಳ್ಳಿ. ಚಿತ್ರ ಬರೆಯಲು ಹೇಳಿ ಅದಕ್ಕೆ ಹೆಸರು ಕೊಡದಿದ್ದರೆ ಅದು 'ಆರ್‌ಪ್ಲಾಟ್ಸ್' ಎಂಬ ಪಿಡಿಎಫ್ ಆಗಿ ತಾನಾಗಿ ಮೂಲೆಯಲ್ಲಿ ಕೂತಿರುತ್ತದೆ. ನಾನು ಚಿತ್ರವೇ ಬರಲಿಲ್ಲ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ!

ಇನ್ನೊಂದು ಹಳೆಯ ದಾರಿ ಇದೆ, 'ಆರ್ ಸಿಎಂಡಿ ಬ್ಯಾಚ್'. ಆರ್‌ಸ್ಕ್ರಿಪ್ಟ್ ಬಂದದ್ದು 2007ರಲ್ಲಿ, ಬ್ಯಾಚ್ ಅದಕ್ಕಿಂತ ಹಿರಿಯ. ಅದು ನೀವು ಬರೆದ ಸಾಲನ್ನೂ ಅದಕ್ಕೆ ಬಂದ ಉತ್ತರವನ್ನೂ ಜೊತೆಯಾಗಿ ಇನ್ನೊಂದು ಕಡತದಲ್ಲಿ ಬರೆದಿಡುತ್ತದೆ, ಥೇಟ್ ಗ್ಯಾಲಿ ಪ್ರೂಫಿನಂತೆ. ಅದು ನನಗೆ ಬಹಳ ಹಿಡಿಸಿತ್ತು. ಆದರೆ ಅದರಲ್ಲೊಂದು ಗುಂಡಿ ಇದೆ, ಬಿದ್ದವನು ಹೇಳುತ್ತೇನೆ ಕೇಳಿ. ಬ್ಯಾಚ್ ಕೆಲಸ ಮುಗಿಸುವಾಗ ಮನಸ್ಸಿನಲ್ಲಿರುವುದನ್ನೆಲ್ಲ ಉಳಿಸಿಡುತ್ತದೆ. ಮುಂದಿನ ಸಲ ಅದೇ ಫೋಲ್ಡರಿನಲ್ಲಿ ಶುರು ಮಾಡುವಾಗ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಬೇಡ ಎಂದು ನಾವು ಹೇಳಿದರೆ ಮಾತ್ರ ಬಿಡುತ್ತದೆ. ಒಮ್ಮೆ ನಾನು ಕಡತ ಓದುವ ಸಾಲನ್ನೇ ಬರೆಯಲು ಮರೆತೆ. ತಪ್ಪು ಎಂದು ನಿಲ್ಲಬೇಕಿತ್ತು ತಾನೆ? ನಿಲ್ಲಲಿಲ್ಲ. ಚೆಂದದ ಉತ್ತರ ಕೊಟ್ಟಿತು, ಹಿಂದಿನ ದಿನದ ಪಟ್ಟಿಯ ಉತ್ತರ! ಹಳೇ ಫಾರಂ ಬಿಚ್ಚದೆ ಅದರ ಮೇಲೇ ಹೊಸ ಕೆಲಸ ಓಡಿಸಿದ ಹಾಗೆ. ಆರ್‌ಸ್ಕ್ರಿಪ್ಟ್ ಹಳೆಯದನ್ನು ಎತ್ತಿಕೊಳ್ಳುವುದಿಲ್ಲ, ಹೊಸದನ್ನು ಉಳಿಸುವುದೂ ಇಲ್ಲ, ಪ್ರತಿ ಸಲ ಖಾಲಿ ಕೈಯಲ್ಲಿ ಶುರು. ಅಂದಿನಿಂದ ನಾನು ಆರ್‌ಸ್ಕ್ರಿಪ್ಟ್ ಪಕ್ಷ.

ಸರಿ, ಕನ್ನಡಕ್ಕೂ ಇದಕ್ಕೂ ಏನು ಸಂಬಂಧ? ಇದೆ. 2021ರಲ್ಲಿ ಮೊದಲ ಸಲ ಕನ್ನಡದ ಪಟ್ಟಿ ಓಡಿಸಿದಾಗ ಪರದೆಯ ಮೇಲೆ ಕನ್ನಡವೇ ಬರಲಿಲ್ಲ. 'ಕ' ಬರಬೇಕಾದ ಕಡೆ '<ಯು+0ಸಿ95>', ಹೀಗೆ ಪುಟದ ತುಂಬ ಮುಳ್ಳುಬೇಲಿ. ನನ್ನ ಕಡತವೇ ಹಾಳಾಗಿದೆ ಎಂದು ಮತ್ತೆ ಟೈಪು ಮಾಡಿಸಿದೆ, ಕೂಲಿ ಕೊಟ್ಟು! ಹಾಳಾಗಿದ್ದದ್ದು ಕಡತವಲ್ಲ. ವಿಂಡೋಸಿನಲ್ಲಿ ಆರ್ ಆಗ ಅಕ್ಷರ ತೋರಿಸಲು ಹಳೆಯ 'ಕೋಡ್ ಪೇಜ್' ಪದ್ಧತಿಯನ್ನು ನಂಬಿತ್ತು. ಇಂಗ್ಲಿಷಿಗೆ, ರಷ್ಯನ್ನಿಗೆ, ಅರಬ್ಬಿಗೆ ಅಂಥ ಪೇಜು ಉಂಟು. ಇಡೀ ವಿಂಡೋಸಿಗೆ ಹೊಂದಿಸಬಲ್ಲ ಅಂಥ ಪೇಜು ಕನ್ನಡಕ್ಕೆ ಇರಲಿಲ್ಲ. ಯೂನಿಕೋಡಿನಲ್ಲಿ 1991ರಿಂದಲೂ ಕನ್ನಡಕ್ಕೆ ಜಾಗ ಇದೆ, ಲಿನಕ್ಸ್ ಯಂತ್ರದಲ್ಲಿ ಆರ್ ಕನ್ನಡವನ್ನು ಸಲೀಸಾಗಿ ತೋರಿಸುತ್ತಿತ್ತು. ಆದರೆ ನಮ್ಮ ಹಳ್ಳಿ ಪ್ರೆಸ್ಸುಗಳಲ್ಲಿ ಇರುವುದು ವಿಂಡೋಸ್. 2022ರ ಏಪ್ರಿಲ್‌ನಲ್ಲಿ ಬಂದ ಆರ್ 4.2.0 ಆವೃತ್ತಿ ಹೊಸ ವಿಂಡೋಸ್ 10ರ ಮೇಲೆ ಯುಟಿಎಫ್-8 ಅನ್ನೇ ತನ್ನ ಮಾತೃ ಪದ್ಧತಿ ಮಾಡಿಕೊಂಡ ಮೇಲೆ ಬೇಲಿ ಹೋಯಿತು. ಇನ್ನೂ ಹಳೆಯ ಆವೃತ್ತಿ ಇಟ್ಟುಕೊಂಡವರು ಇವತ್ತೇ ಬದಲಾಯಿಸಿ. ನುಡಿಯ ಹಳೆಯ ಕಡತ ಮಾತ್ರ ಈಗಲೂ ನೇರವಾಗಿ ನಡೆಯದು. ಅದರಲ್ಲಿ 'ಕ' ಎಂಬುದು ಒಳಗೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀಟಿರುವ ಒಂದು 'ಎ'. ಮೊದಲು ಯೂನಿಕೋಡಿಗೆ ಬದಲಿಸಿಕೊಂಡೇ ಎಣಿಸಬೇಕು.

ಬೇಲಿ ಹೋದ ಮೇಲೂ ಎಣಿಕೆ ಸರಿಯಾಯಿತೇ? ಇಲ್ಲೇ ನೀವು ಕಿವಿಗೊಡಬೇಕು. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ. ಆರ್‌ಗೆ ಕೇಳಿದರೆ ಐದು ಎನ್ನುತ್ತದೆ: ಕ, ನ, ಅರ್ಧ ಮಾಡುವ ವಿರಾಮ ಚಿಹ್ನೆ, ಮತ್ತೊಂದು ನ, ಡ. ಬೈಟ್ ಲೆಕ್ಕ ಕೇಳಿದರೆ ಹದಿನೈದು. 'ಕಣ್ಣಿಗೆ ಕಾಣುವ ಅಕ್ಷರ ಎಣಿಸು' ಎಂದು ಯೂನಿಕೋಡಿನ ನಿಯಮದಂತೆ ಕೇಳಿದರೆ ನಾಲ್ಕು, ಏಕೆಂದರೆ ಅದು ಒತ್ತಕ್ಷರವನ್ನು ನಡುವೆ ಸೀಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 15.1 ಬಂದಾಗ ಒತ್ತಕ್ಷರವನ್ನು ಸೀಳದೆ ಒಂದೇ ಎಂದು ಎಣಿಸುವ ನಿಯಮ ಸೇರಿತು. ಯಾರಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ, ಈ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ! ಆ ನಿಯಮದಂತೆ, ಇದೇ 'ಕನ್ನಡ' ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೆ ಮೂರು, ನಮ್ಮ ಲಿಪಿಯಲ್ಲಿ ಬರೆದರೆ ನಾಲ್ಕು.

ಯಾರೋ ಹಗೆ ಸಾಧಿಸಿದರು ಎಂದು ನಾನು ಹೇಳುವುದಿಲ್ಲ, ಅಂಥ ಮಾತು ಸುಲಭ. ಯೂನಿಕೋಡಿನವರು ಸಾರ್ವಜನಿಕರ ಅಭಿಪ್ರಾಯ ತೆಗೆದುಕೊಳ್ಳುತ್ತಾರೆ, ಪ್ರಸ್ತಾವ ಬರೆದರೆ ಓದುತ್ತಾರೆ. ಬರೆಯುವವರು ಬೇಕು. ನಿಮ್ಮಷ್ಟು ಇಂಗ್ಲಿಷೂ ಕಂಪ್ಯೂಟರೂ ಕನ್ನಡವೂ ಒಟ್ಟಿಗೆ ಬಲ್ಲವರು ಇನ್ನೆಲ್ಲಿ ಸಿಗುತ್ತಾರೆ? ಅಲ್ಲಿಯವರೆಗೆ ನಾನೇ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆದುಕೊಂಡಿದ್ದೇನೆ: ವ್ಯಂಜನ, ಅದಕ್ಕೆ ವಿರಾಮದಿಂದ ಅಂಟಿಕೊಂಡ ಒತ್ತುಗಳು, ಆಮೇಲೆ ಸ್ವರಚಿಹ್ನೆ, ಕೊನೆಗೆ ಸೊನ್ನೆಯೋ ವಿಸರ್ಗವೋ, ಇಷ್ಟೂ ಸೇರಿ ಒಂದು. ಪ್ರೈಮರಿ ಸ್ಕೂಲಿನ ಕಾಗುಣಿತ, ಅಷ್ಟೇ. ಕನ್ನಡ ಬಾರದ ಎಂಥಾ ಪಂಡಿತನಿಗೂ ಆ ಸಾಲು ಹೊಳೆಯುವುದು ಕಷ್ಟ.

ನಮ್ಮ ತಾಲ್ಲೂಕಿನದೇ ಒಂದು ಎಣಿಕೆಯ ಕಥೆ ಹೇಳುತ್ತೇನೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ 144 ಇದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. 1973ರ ಆವೃತ್ತಿಯಲ್ಲಿ 573. ಬಂಡೆಗಳು ಮರಿ ಹಾಕಿದವೇ? ಇಲ್ಲ. ರೈಸ್ ಸಾಹೇಬರು ಒಂದೊಂದಕ್ಕೂ ನಂಬರು ಹಾಕಿ, ಪಾಠ ಕೊಟ್ಟು, ಎಲ್ಲಿದೆ ಎಂದು ಬರೆದು ಅಚ್ಚು ಹಾಕಿಸಿದ್ದರು. ಹಾಗಾಗಿ ಮುಂದೆ ಬಂದವರು ಅದನ್ನು ಕೈಯಲ್ಲಿ ಹಿಡಿದು ಬೆಟ್ಟ ಹತ್ತಿ, ಇದು ಬಂದಿದೆ, ಇದು ಬಂದಿಲ್ಲ ಎಂದು ಗುರುತು ಮಾಡುವುದಕ್ಕೆ ಆಯಿತು. ಬರಿಯ 'ನೂರಾರು ಶಾಸನಗಳಿವೆ' ಎಂದು ಬರೆದು ಕೈ ತೊಳೆದುಕೊಂಡಿದ್ದರೆ ತಿದ್ದಲು ಏನಿರುತ್ತಿತ್ತು?

ನೀವೂ ಪಟ್ಟಿ ಮಾಡುವವರೇ. 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಿಮ್ಮಂಥ ಹುಡುಗರು ರಸ್ತೆರಸ್ತೆ ತಿರುಗಿ ಅಂಗಡಿಗಳ ಪಟ್ಟಿ ಬರೆದು ತರಬಹುದು. ಒಬ್ಬ 'ಅಂಗಡಿ' ಎಂದು ಅನುಸ್ವಾರದಲ್ಲಿ ಬರೆಯುತ್ತಾನೆ, ಇನ್ನೊಬ್ಬ ಅಂಕಿ ಸೊನ್ನೆಯಲ್ಲಿ. ಒಬ್ಬ ಒಂದೇ ಅಂಗಡಿಯನ್ನು ಎರಡು ಸಲ ಬರೆದಿರುತ್ತಾನೆ. ಕೊನೆಗೆ ಕರಪತ್ರದಲ್ಲಿ ಒಂದು ದೊಡ್ಡ ಸಂಖ್ಯೆ ಹಾಕಿಸಲು ನನ್ನಂಥ ಪ್ರೆಸ್ಸಿನವನ ಹತ್ತಿರ ಬರುತ್ತೀರಿ. ಹಾಕಿಕೊಡುತ್ತೇನೆ, ನನಗೇನು? ಆದರೆ ನಾಳೆ ಎದುರು ಪಕ್ಷದ ವಕೀಲ 'ಈ ಸಂಖ್ಯೆ ಬಂದದ್ದು ಹೇಗೆ?' ಎಂದು ಕೇಳಿದರೆ ಏನು ತೋರಿಸುತ್ತೀರಿ? ಮೌಸಿನಲ್ಲಿ ಎಲ್ಲೆಲ್ಲಿ ಒತ್ತಿದಿರಿ ಎಂಬುದನ್ನೇ? ಸ್ಕ್ರಿಪ್ಟು ಇದ್ದರೆ ಅದನ್ನೂ ಮೂಲ ಪಟ್ಟಿಯನ್ನೂ ಅವನ ಕೈಗೇ ಕೊಡಿ, ಅವನ ಕಂಪ್ಯೂಟರಿನಲ್ಲೇ ಓಡಿಸಿಕೊಳ್ಳಲಿ.

ನನ್ನ ತಪ್ಪು ಸಿಕ್ಕಿದ್ದೂ ಹಾಗೆಯೇ. ಅಜ್ಜಿಯನ್ನು ಕೂರಿಸಿ, ಟೀ ತರಿಸಿ, ಸ್ಕ್ರಿಪ್ಟು ತೆರೆದೆ. 'ಅಂಕಿ ಇರುವ ಸಾಲು ಬಿಡು', ಆ ಸಾಲು ಅಲ್ಲೇ ಕೂತಿತ್ತು, ಕಳ್ಳನಂತೆ. ಅದಕ್ಕೆ ಮೊದಲು ಇನ್ನೊಂದು ಸಾಲು ಸೇರಿಸಿದೆ: ಸೊನ್ನೆಯ ಹಿಂದೆ ಕನ್ನಡ ಅಕ್ಷರವಿದ್ದರೆ ಅದನ್ನು ಅನುಸ್ವಾರ ಮಾಡು, ಹಿಂದೆ ಅಂಕಿ ಇದ್ದರೆ ಮುಟ್ಟಬೇಡ. ಕೊನೆಗೆ ಪ್ರೆಸ್ಸಿನ ಒಂದು ಹಳೆಯ ಅಭ್ಯಾಸ ಸೇರಿಸಿದೆ. ನಮ್ಮಲ್ಲಿ ಮಿಷನ್ನಿಗೆ ಒಂದು ರೀಮು, ಅಂದರೆ 500 ಹಾಳೆ ಕೊಟ್ಟರೆ, ಸಂಜೆ ಅಚ್ಚಾದ ಹಾಳೆ, ವೇಸ್ಟಾದ ಹಾಳೆ ಎರಡೂ ಕೂಡಿ 500 ಆಗಲೇಬೇಕು. ಆಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಆರ್‌ನಲ್ಲೂ 'ಸ್ಟಾಪ್‌ಇಫ್‌ನಾಟ್' ಎಂಬ ಮಾತಿದೆ. ಒಳಗೆ ಹೋದ ಸಾಲು ಎಷ್ಟೋ, ಪಟ್ಟಿಗೆ ಬಂದ ಹೆಸರು ಮತ್ತು ಬಿಟ್ಟ ಸಾಲು ಎರಡೂ ಕೂಡಿ ಅಷ್ಟೇ ಆಗಬೇಕು, ಇಲ್ಲವೆಂದರೆ ಅಲ್ಲೇ ನಿಲ್ಲು ಎಂದು ಬರೆದೆ. ಲೆಕ್ಕ ತಪ್ಪಿದರೆ ಆರ್‌ಸ್ಕ್ರಿಪ್ಟ್ ಕೆಲಸ ನಿಲ್ಲಿಸಿ, ಕೆಲಸ ಕೆಟ್ಟಿತು ಎಂದು ಯಂತ್ರಕ್ಕೂ ತಿಳಿಸುತ್ತದೆ. ಬಿಟ್ಟ ಸಾಲುಗಳನ್ನು ಕಸಕ್ಕೆ ಹಾಕದೆ ಬೇರೆ ಕಡತಕ್ಕೆ ಇಳಿಸುವಂತೆಯೂ ಮಾಡಿದೆ. ಈಗ ಯಾವ ಕೆಲಸವಾದರೂ ನಾನು ಮೊದಲು ಓದುವುದು ಆ ಬಿಟ್ಟವರ ಕಡತವನ್ನು.

ಎಲ್ಲ ಊರಿನ ಪಟ್ಟಿಯನ್ನೂ ಮತ್ತೆ ಓಡಿಸಿದೆ. ಸೊನ್ನೆ ನುಂಗಿದ್ದ ಹೆಸರುಗಳೆಲ್ಲ ಹೊರಗೆ ಬಂದವು. ಅವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ, ನನ್ನ ಖರ್ಚಿನಲ್ಲೇ, ಸಂಘದಲ್ಲಿ ಉಳಿದಿದ್ದ ಪುಸ್ತಕಗಳಿಗೆ ಅಂಟಿಸಿದೆ. ಹಂಚಿಹೋಗಿದ್ದ ಪುಸ್ತಕಗಳಿಗೆ ಸಿಕ್ಕಷ್ಟು ಮನೆಗೆ ಸ್ಕೂಟರಿನಲ್ಲಿ ಹೋಗಿ ಅಂಟಿಸಿ ಬಂದೆ. ಅಜ್ಜಿಗೆ ಓದು ಬರದು. ಮೊಮ್ಮಗ ಓದಿ ಹೇಳಿದ. ಅವರು ಬೆರಳಿನಿಂದ ಆ ಹೆಸರನ್ನು ತಡವಿ, 'ಇದ್ರಲ್ ಯಾವ್ದಪ್ಪಾ ಆ ಸೊನ್ನೆ?' ಎಂದು ಕೇಳಿದರು. ತೋರಿಸಿದೆ.

ಆ ಸ್ಕ್ರಿಪ್ಟು ಪ್ರೆಸ್ಸಿನಲ್ಲೇ ಇದೆ. ಬೇಕಾದವರು ಪೆನ್ ಡ್ರೈವ್ ತನ್ನಿ, ಕಾಸಿಲ್ಲ. ಅಂಕಿಯ ಸೊನ್ನೆ ಪದದ ಮೊದಲಿಗೇ ಬಂದರೆ ಏನು ಮಾಡಬೇಕು ಎಂಬುದು ನನಗಿನ್ನೂ ಬಗೆಹರಿದಿಲ್ಲ. ಬಗೆಹರಿಸಿದವರು ಆ ಸಾಲು ಸೇರಿಸಿ ನನಗೂ ಒಂದು ಪ್ರತಿ ಕೊಡಿ.